ನಾನು ಗಟ್ಟಿಯಾಗಿ ಓದಿದ ಚೀಟಿ

ನಮ್ಮ ಚರ್ಚಿನ ಬಾಗಿಲ ಬಲಕ್ಕೆ, ಚಪ್ಪಲಿ ಬಿಡುವ ಜಾಗದ ಮೇಲೆ, ಗೋಡೆಗೆ ಒಂದು ಮರದ ಪೆಟ್ಟಿಗೆ ಹೊಡೆದಿದ್ದಾರೆ. ಅದರ ನೆತ್ತಿಯಲ್ಲಿ ಒಂದು ಸೀಳು. ಪಕ್ಕದಲ್ಲಿ ದಾರಕ್ಕೆ ಕಟ್ಟಿದ ಪೆನ್ನು, ಹಳೆಯ ಪ್ರಶ್ನೆಪತ್ರಿಕೆಗಳನ್ನು ನಾಲ್ಕಾಗಿ ಹರಿದು ಮಾಡಿದ ಚೀಟಿಗಳು. ಆ ಚೀಟಿಗಳನ್ನು ಹರಿದು ಕೊಡುತ್ತಿದ್ದವಳು ನಾನೇ. ಹೈಸ್ಕೂಲಿನಲ್ಲಿ ಹಿಂದಿ ಕಲಿಸಿ ನಿವೃತ್ತಳಾದವಳ ಮನೆಯಲ್ಲಿ ಒಂದು ಮಗ್ಗುಲು ಖಾಲಿ ಇರುವ ಕಾಗದಕ್ಕೆ ಕೊರತೆಯಿಲ್ಲ.

ಕಷ್ಟ ಇದ್ದವರು ಅದನ್ನು ಬರೆದು ಪೆಟ್ಟಿಗೆಗೆ ಹಾಕುತ್ತಾರೆ. ಭಾನುವಾರದ ಆರಾಧನೆಯ ನಡುವೆ ಒಬ್ಬರು ಎಲ್ಲ ಚೀಟಿಗಳನ್ನೂ ಗಟ್ಟಿಯಾಗಿ ಓದುತ್ತಾರೆ. ಒಂದೊಂದು ಚೀಟಿ ಮುಗಿದಾಗಲೂ ಸಭೆ "ಆಮೆನ್" ಅನ್ನುತ್ತದೆ. ದನಿ ದೊಡ್ಡದು, ಉಚ್ಚಾರ ಸ್ಪಷ್ಟ ಎಂದು ಆ ಓದುವ ಕೆಲಸವೂ ವರ್ಷಗಳಿಂದ ನನ್ನದೇ ಆಗಿತ್ತು.

ನಮ್ಮವರ ಚೀಟಿಗಳಲ್ಲಿ ವಿಳಾಸ ಪೂರ್ತಿ ಇರಬೇಕು. "ಮೊಮ್ಮಗಳಿಗೆ ಜ್ವರ" ಎಂದಷ್ಟೇ ಬರೆದರೆ ಯಾರಿಗೂ ಸಮಾಧಾನವಾಗುವುದಿಲ್ಲ. ಯಾವ ಆಸ್ಪತ್ರೆ, ಎಷ್ಟನೇ ಮಹಡಿ, ಕಿಟಕಿ ಕಡೆಯ ಮಂಚವೋ ಬಾಗಿಲ ಕಡೆಯದೋ, ಎಲ್ಲವನ್ನೂ ಬರೆಯುತ್ತಾರೆ. ದೇವರಿಗೆ ದಾರಿ ತಪ್ಪಬಾರದು ಎನ್ನುವ ಕಾಳಜಿ. ನನಗೂ ಅದು ಸರಿಯೆನಿಸುತ್ತಿತ್ತು. ಅರ್ಧಂಬರ್ಧ ಬರೆದ ಚೀಟಿ ಸಿಕ್ಕರೆ ನಾನು ಅದನ್ನು ವಾಪಸು ಕೊಟ್ಟು, "ಯಾವ ಪರೀಕ್ಷೆ? ಎಂದು ಐತಿ? ಪೂರ್ತಿ ಬರೀರಿ," ಅನ್ನುತ್ತಿದ್ದೆ. ಈ ಅಭ್ಯಾಸದಿಂದಲೇ ನಾನು ಒಬ್ಬ ಹೆಂಗಸನ್ನೂ ಅವಳ ಗಂಡನನ್ನೂ ಬೀದಿಗೆ ಹಾಕಿಸಿದೆ. ಅದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ.

ದ್ರಾಕ್ಷಿ ಕಟಾವು ಶುರುವಾದ ವಾರ, ಹನ್ನೆರಡು ಮಂದಿ ಒಂದು ಟಂಟಂ ಆಟೋದಲ್ಲಿ ಒತ್ತಿಕೊಂಡು ನಮ್ಮ ಚರ್ಚಿಗೆ ಬಂದರು. ಟಿಕೋಟ ಕಡೆಯ ಒಣದ್ರಾಕ್ಷಿ ಶೆಡ್ಡುಗಳಲ್ಲಿ ದುಡಿಯಲು ಝಾರ್ಖಂಡದಿಂದ ಬಂದವರು. ಅವರು ಅಜ್ಜಂದಿರ ಕಾಲದಿಂದ ಕ್ರೈಸ್ತರು. ಅವರನ್ನು ಸಭೆಗೆ ಪರಿಚಯಿಸಿದವರು ನಮ್ಮ ಕಮಿಟಿಯ ಹಿರಿಯರು. ಜೋರಾಪುರ ಪೇಟೆಯಲ್ಲಿ ಅವರದು ಕೃಷಿ ಔಷಧದ ಅಂಗಡಿ. ದ್ರಾಕ್ಷಿ ಅದ್ದುವ ಎಣ್ಣೆಯನ್ನೂ, ಹಣ್ಣಿಗೆ ಹಳದಿ ಬಣ್ಣ ಬರಲೆಂದು ಹೊಗೆ ಹಾಕುವ ಗಂಧಕವನ್ನೂ ಆ ಶೆಡ್ಡುಗಳಿಗೆ ಕೊಡುವವರು ಅವರೇ.

"ನಮ್ಮ ಗಿರಾಕಿಗಳ ಶೆಡ್ಡಿನ್ಯಾಗ ದುಡಿಯಾಕ ಬಂದಾರ್ರಿ," ಎಂದರು ಹಿರಿಯರು, ಮೈಕು ಹಿಡಿದು. "ದೂರದವರಾದ್ರೂ ನಮ್ಮ ಮಂದೀನ. ಪರದೇಶಿಯನ್ನ ಪ್ರೀತಿಸ್ರಿ ಅಂತ ವಾಕ್ಯ ಐತಿ."

ಹನ್ನೆರಡೂ ಮಂದಿಗೆ ಶಾಲು ಹೊದಿಸಿದೆವು. ಫೋಟೊ ತೆಗೆದೆವು. ಫೋಟೊ ಮುಗಿದ ಮೇಲೆ ಅವರನ್ನು ಹಿಂದೆ, ಪಂಪಿನ ಕೋಣೆಯ ಬಾಗಿಲ ಹತ್ತಿರ, ಚಾಪೆಯ ಮೇಲೆ ಕೂರಿಸಿದೆವು. ಮುಂದೆ ಮೂರು ಬೆಂಚು ಖಾಲಿ ಇದ್ದವು. ಚಹದ ಹೊತ್ತಿಗೆ ನಮಗೆ ಸ್ಟೀಲ್ ಲೋಟ, ಅವರಿಗೆ ಕಾಗದದ ಕಪ್ಪು. ಯಾರೂ ಹಾಗೆ ಮಾಡಿ ಎಂದು ಹೇಳಲಿಲ್ಲ, ಯಾರೂ ಬೇಡ ಎನ್ನಲೂ ಇಲ್ಲ. ತೊಳೆಯುವವಳಿಗೆ ಭಾರವಾಗುತ್ತದೆ ಎಂದು ಮುಂದಿನ ವಾರ ಒಬ್ಬರು ಕಾರಣ ಹುಡುಕಿಕೊಟ್ಟರು. ಆ ವಾರದಿಂದ ಕಾಗದದ ಕಪ್ಪುಗಳು ಕಟ್ಟುಗಟ್ಟಲೆ ಬಂದವು.

ಅವರ ಬಟ್ಟೆಯಿಂದ ಗಂಧಕದ ವಾಸನೆ ಬರುತ್ತಿತ್ತು. ಕಡ್ಡಿ ಗೀರಿದಾಗ ಮೂಗಿಗೆ ಹೊಡೆಯುವ ವಾಸನೆ, ಆದರೆ ಆರದೆ ನಿಲ್ಲುವಂಥದ್ದು. ಎರಡನೇ ವಾರ ಚಾಪೆಯ ಹತ್ತಿರದ ಬೆಂಚಿನ ಹೆಂಗಸರು ಸೆರಗು ಮೂಗಿಗೆ ಹಿಡಿದರು. ಮೂರನೇ ವಾರ ಆ ಬೆಂಚನ್ನೇ ಒಂದು ಮಾರು ಮುಂದಕ್ಕೆ ಎಳೆದರು. ನಾನು ಎದ್ದು ಕಿಟಕಿ ತೆರೆದೆ. ತೆರೆಯುವಾಗ ಚಾಪೆಯ ಮೇಲಿದ್ದ ಒಬ್ಬ ಹೆಂಗಸು ನನ್ನ ಕಡೆ ನೋಡಿ ನಕ್ಕಳು. ತಮಗೆ ಗಾಳಿ ಬರಲೆಂದು ತೆರೆದೆ ಎಂದುಕೊಂಡಿದ್ದಳು.

ಹಿಂದಿ ಬರುವವಳೆಂದು ಅವಳು ನನ್ನನ್ನು ಹುಡುಕಿಕೊಂಡು ಬರತೊಡಗಿದಳು. ಮೂವತ್ತು ದಾಟಿರಲಿಕ್ಕಿಲ್ಲ. ನನ್ನನ್ನು ದೀದಿ ಎನ್ನುತ್ತಿದ್ದಳು. ಅವಳ ಗಂಡ ಗಂಧಕದ ಹೊಗೆ ಹಾಕುವ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದ. ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ ಒಂದು ಭಾನುವಾರ, ಆರಾಧನೆಗೆ ಹತ್ತು ನಿಮಿಷ ಇರುವಾಗ, ಅವಳು ಒಬ್ಬಳೇ ನನ್ನ ಹತ್ತಿರ ಬಂದಳು. ಗಂಡ ಹೊರಗೆ ಕಾಂಪೌಂಡಿನ ಗೋಡೆಗೆ ಕೈಯೂರಿ ಕೆಮ್ಮುತ್ತಿದ್ದ.

ಮೂರು ವಾರದಿಂದ ಕೆಮ್ಮು, ಎಂದಳು. ಊರಿಗೆ ಹೋಗಬೇಕು. ಆದರೆ ಇಬ್ಬರ ಆಧಾರ್ ಕಾರ್ಡನ್ನೂ ಬಂದ ದಿನವೇ ಸ್ಟೇಷನ್ನಿನಲ್ಲಿ ಕರೆದೊಯ್ಯಲು ಬಂದವನು ತೆಗೆದುಕೊಂಡಿದ್ದಾನೆ. ಶೆಡ್ಡಿನಲ್ಲಿ ಕೇಳಿದರೆ ಸೀಜನ್ ಮುಗಿಯಲಿ ಎನ್ನುತ್ತಾರೆ. ಕಾರ್ಡಿಲ್ಲದೆ ಹೋದರೆ ಊರಿನ ಸರಕಾರಿ ದವಾಖಾನೆಯಲ್ಲಿ ಬಿಟ್ಟಿ ಔಷಧ ಸಿಗುವುದಿಲ್ಲ. ಸೀಜನ್ ಮುಗಿಯುವಷ್ಟರಲ್ಲಿ ಇವನು ಇರುತ್ತಾನೋ ಇಲ್ಲವೋ.

ಆಮೇಲೆ ಅವಳು ಒಂದು ಮಾತು ಕೇಳಿದಳು. "ದೀದಿ, ಇಲ್ಲಿಯ ಯಾರಾದರೂ ಒಬ್ಬರು ನಮ್ಮ ಜೊತೆ ಬಂದು ಕೇಳಿದರೆ ಕೊಡುತ್ತಾರೆ. ಯಾರಾದರೂ ಬರುತ್ತಾರಾ?"

ಅವಳು ಕೇಳಿದ್ದು ಜೊತೆಗೆ ಬರುವ ಒಬ್ಬ ಮನುಷ್ಯನನ್ನು. ನಾನು ದಾರಕ್ಕೆ ಕಟ್ಟಿದ ಪೆನ್ನು ಎಳೆದುಕೊಂಡು ಒಂದು ಚೀಟಿ ಬರೆದೆ. ಶೆಡ್ಡು ಎಲ್ಲಿದೆ ಎಂದು ಅವಳನ್ನು ಕೇಳಿ ಕೇಳಿ, ಪೂರ್ತಿ ಬರೆದೆ. ಪೆಟ್ಟಿಗೆಗೆ ಹಾಕಿದೆ. ಅರ್ಧ ಗಂಟೆಯ ಮೇಲೆ ಅದನ್ನು ಪೆಟ್ಟಿಗೆಯಿಂದ ತೆಗೆದು, ಮೈಕಿನ ಮುಂದೆ ನಿಂತು, ನಾನೇ ಓದಿದೆ:

"ಘೋಣಸಗಿ ರಸ್ತೆಯಲ್ಲಿ, ಕಾಲುವೆ ದಾಟಿದ ಮೇಲೆ ಎಡಕ್ಕೆ ಎರಡನೇ ಒಣದ್ರಾಕ್ಷಿ ಶೆಡ್ಡಿನಲ್ಲಿ ದುಡಿಯುವ ನಮ್ಮ ಸಹೋದರನಿಗೆ ಗಂಧಕದ ಹೊಗೆಯಿಂದ ಕೆಮ್ಮು ಹತ್ತಿದೆ. ಅವನೂ ಅವನ ಹೆಂಡತಿಯೂ ಊರಿಗೆ ಹೋಗಬೇಕೆಂದಿದ್ದಾರೆ. ಅವರ ಆಧಾರ್ ಕಾರ್ಡುಗಳನ್ನು ಇಟ್ಟುಕೊಂಡು ಕೊಡುತ್ತಿಲ್ಲ. ಕಾರ್ಡು ಸಿಗಲೆಂದು ಪ್ರಾರ್ಥಿಸೋಣ."

"ಆಮೆನ್," ಎಂದಿತು ಸಭೆ. ಎರಡನೇ ಸಾಲಿನಲ್ಲಿ ಕೂತಿದ್ದ ಹಿರಿಯರು ಆಮೆನ್ ಅನ್ನಲಿಲ್ಲ. ಕನ್ನಡಕ ತೆಗೆದು ಒರೆಸುತ್ತಿದ್ದರು. ನಾನು ಅದನ್ನು ನೋಡಿದೆ, ಮುಂದಿನ ಚೀಟಿಗೆ ಹೋದೆ. ಅದು ಯಾರದೋ ಬೋರ್‌ವೆಲ್ಲಿನ ಮೋಟಾರು ಸುಟ್ಟ ವಿಷಯ.

ಚಹದ ಹೊತ್ತಿಗೆ ಅವಳು ನನ್ನ ಕೈ ಹಿಡಿದುಕೊಂಡಳು. ಕನ್ನಡ ಬಾರದಿದ್ದರೂ ನನ್ನ ಬಾಯಲ್ಲಿ ಘೋಣಸಗಿ ಎಂಬ ಹೆಸರು ಕೇಳಿದ್ದಳು. ಇಷ್ಟು ಜನರ ಮುಂದೆ ಹೇಳಿದ್ದೀರಿ, ಇನ್ನು ಯಾರಾದರೂ ಬಂದೇ ಬರುತ್ತಾರೆ ಎಂದಳು. ಅವಳ ಊರಿನ ಸಭೆಯಲ್ಲಿ ಹಾಗೆ ಹೇಳಿದರೆ ಮಧ್ಯಾಹ್ನದ ಒಳಗೆ ನಾಲ್ಕು ಜನ ಹೊರಡುತ್ತಾರಂತೆ. ನಾನು ಅವಳ ಮಾತನ್ನು ತಿದ್ದಲಿಲ್ಲ.

ಸೋಮವಾರ ಬೆಳಿಗ್ಗೆ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಮುದುಕಿಯ ದನಿ.

"ಚರ್ಚಿನ ಬಾಯಾರ ಏನ್ರಿ? ನಾ ಘೋಣಸಗಿ ಕಡಿಂದ ಮಾತಾಡಾಕತ್ತೇನಿ. ನಿಮ್ಮ ಮಂದಿ ಇಬ್ಬರು ನಿನ್ನಿ ಸಂಜಿಯಿಂದ ನನ್ನ ಆಡಿನ ದೊಡ್ಡ್ಯಾಗ ಕುಂತಾರ. ಶೆಡ್ಡಿನವ ಹೊರಗ ಹಾಕ್ಯಾನ. ಅಂವ ಕೆಮ್ಮಿದ್ರ ನನ್ನ ಆಡು ಬೆದರಿ ಓಡಾಕತ್ತಾವ. ಆಕಿ ಈ ನಂಬರಿನ ಚೀಟಿ ಕೊಟ್ಟಳು, ಅದಕ್ಕ ಮಾಡೇನಿ. ಬಂದು ಕರಕೊಂಡು ಹೋಗ್ರಿ."

"ಅಜ್ಜಿ, ಕಾರ್ಡ್ ಕೊಟ್ಟಾನೇನು?" ಎಂದೆ.

"ಕಾರ್ಡ್ ಎಲ್ಲಿದು ಬೇ? ಚರ್ಚಿನ್ಯಾಗ ಹೇಳೀರಲ್ಲ, ಚರ್ಚಿಗೇ ಹೋಗಿ ಕೇಳ್ರಿ ಅಂತ ನನ್ನ ಮುಂದನ ಅಂದ."

ನಾನು ಆ ದಿನ ಹೋಗಲಿಲ್ಲ. ಮೊದಲು ಕಮಿಟಿಗೆ ಹೇಳಬೇಕು, ಸಭೆಯ ಪರವಾಗಿ ಹೋದರೆ ತೂಕ ಬರುತ್ತದೆ ಎಂದುಕೊಂಡೆ. ಮಂಗಳವಾರ ಸಂಜೆ ಕಮಿಟಿ ಸೇರಿತು. ನಾನು ಕೇಳಿದ್ದು ಎರಡು. ಯಾರಾದರೂ ಇಬ್ಬರು ನನ್ನ ಜೊತೆ ಶೆಡ್ಡಿಗೆ ಬರಬೇಕು. ಅಲ್ಲಿ ಆಗದಿದ್ದರೆ ಟಿಕೋಟದ ತಹಶೀಲ್ದಾರರಿಗೆ ಚರ್ಚಿನ ಲೆಟರ್‌ಹೆಡ್ಡಿನ ಮೇಲೆ ಒಂದು ಅರ್ಜಿ ಕೊಡಬೇಕು.

ಪಾಸ್ಟರ್ ನನಗಿಂತ ಇಪ್ಪತ್ತು ವರ್ಷ ಚಿಕ್ಕವರು, ಮೃದು ಮನುಷ್ಯ. ಮೇಜಿನ ಅಂಚು ಸವರುತ್ತ ಮಾತಾಡಿದರು.

"ಅಕ್ಕಾರ, ನಿಮ್ಮ ಸಂಕಟ ನನಗ ತಿಳೀತದ. ಆದ್ರ ಈಗಿನ ಕಾಲ ಹೆಂಗದ ನೀವ ನೋಡ್ರಿ. ನಾವು ಒಂದು ಶೆಡ್ಡಿನ ಬಾಗಲಕ್ಕ ಹೋಗಿ ನಿಂತ್ವಿ ಅಂದ್ರ, ಮತಾಂತರ ಮಾಡಾಕ ಬಂದಾರ ಅಂತ ಸಂಜಿಗೆ ವಿಡಿಯೋ ಬರ್ತದ. ಲೆಟರ್‌ಹೆಡ್ ಅಂತೂ ಕೊಡಾಕ ಬರೂದಿಲ್ರಿ."

ಅವರ ಭಯ ಸುಳ್ಳಲ್ಲ. ಅಂಥ ವಿಡಿಯೋಗಳನ್ನು ನಾನೂ ನೋಡಿದ್ದೇನೆ. ಆದರೆ ಶಾಲು ಹೊದಿಸಿದ ಫೋಟೊವನ್ನು ಇದೇ ಕಮಿಟಿ ಫೇಸ್‌ಬುಕ್ಕಿಗೆ ಹಾಕಿತ್ತು. ಆಗ ಈ ಭಯ ಎಲ್ಲಿತ್ತೋ ಗೊತ್ತಿಲ್ಲ.

ಹಿರಿಯರು ನಾಲಿಗೆಯಿಂದ ಲೊಚಗುಟ್ಟಿದರು. "ಪಾಪ, ಅವನ ಕೆಮ್ಮು ನಾನೂ ಕೇಳೇನ್ರಿ. ಕರಳು ಚುರ್ ಅಂತದ. ಆದ್ರ ಮಾಲಕನ ಕೈಯಾಗ ಇರೂ ಕಾರ್ಡು ನಾವು ಹೆಂಗ ಕಸಕೊಳ್ಳೂದ್ರಿ? ಅಂವ ನಮ್ಮ ಮಾತು ಕೇಳ್ತಾನೇನು?"

"ಅದಕ್ಕಿಂತ ಮದಲ," ಎಂದರು ಕಮಿಟಿಯ ಇನ್ನೊಬ್ಬ ಹೆಂಗಸು, "ಚೀಟಿ ಓದೂಮುಂದ ಊರು, ಶೆಡ್ಡು ಅಂತ ಹೆಸರು ಓದೂದ ಬಿಡ್ರಿ ಅಕ್ಕಾರ. ನೀವು ಓದಿದ್ದಕ್ಕ ಇಷ್ಟೆಲ್ಲಾ ಆತು."

ಅದು ಸತ್ಯವಾಗಿತ್ತು. ನಾನು ತಲೆ ತಗ್ಗಿಸಿದೆ. ತಗ್ಗಿಸಿದ್ದನ್ನು ನೋಡಿ ಎಲ್ಲರಿಗೂ ಹಗುರಾಯಿತು. ಮಾತು ಬೇಗ ಮುಗಿಯಿತು. ಆ ದಂಪತಿಗೆ ಎರಡು ಕಂಬಳಿ, ಒಂದು ಚೀಲ ಅಕ್ಕಿ ಕಳಿಸುವುದು. ಶುಕ್ರವಾರ ಎಲ್ಲರೂ ಅವರಿಗಾಗಿ ಒಂದು ಹೊತ್ತು ಉಪವಾಸ ಇರುವುದು. ಇನ್ನು ಮೇಲೆ ಚೀಟಿಯಲ್ಲಿ ಸ್ಥಳದ ಹೆಸರು ಓದದಿರುವುದು. ಒಪ್ಪಿದವರು ಕೈ ಎತ್ತಿ ಎಂದರು. ಎಲ್ಲರೂ ಎತ್ತಿದರು. ನಾನೂ ಎತ್ತಿದೆ. ಮನೆಗೆ ಬಂದು ಅದೇ ಕೈಯಿಂದ ಅನ್ನ ಕಲಸಿ ಉಂಡೆ.

ಬುಧವಾರ ನಾನು ಒಬ್ಬಳೇ ಹೊರಟೆ. ಕಂಬಳಿ, ಅಕ್ಕಿ ಇನ್ನೂ ಬಂದಿರಲಿಲ್ಲ, ಬಂದಿದ್ದರೂ ಒಯ್ಯುತ್ತಿರಲಿಲ್ಲ. ಟಿಕೋಟದವರೆಗೆ ಬಸ್ಸು, ಅಲ್ಲಿಂದ ಟಂಟಂ. ಕಾಲುವೆ ದಾಟಿ ಎಡಕ್ಕೆ ಎರಡನೇದು. ನನ್ನ ಚೀಟಿ ಎಷ್ಟು ಸರಿಯಾಗಿತ್ತೆಂದರೆ ಟಂಟಂನವನಿಗೆ ಒಮ್ಮೆಯೂ ಕೇಳಬೇಕಾಗಲಿಲ್ಲ.

ಅಜ್ಜಿಯ ದೊಡ್ಡಿ ಶೆಡ್ಡಿನ ಎದುರಿಗೇ ಇತ್ತು. ಮುಳ್ಳಿನ ಬೇಲಿ, ಒಂದು ಮೂಲೆಯಲ್ಲಿ ತಗಡು ಹೊದಿಸಿದ ಜಾಗ. ಆಡುಗಳನ್ನು ಹೊರಗೆ ಕಟ್ಟಿ, ಒಳಗೆ ಗಂಡಹೆಂಡತಿಗೆ ಜಾಗ ಬಿಟ್ಟಿದ್ದಳು. ಅವನು ಜೋಳದ ಚೀಲಕ್ಕೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದ. ಮಲಗಿದರೆ ಕೆಮ್ಮು ಹೆಚ್ಚಾಗುತ್ತದಂತೆ.

"ಈಗ ಬಂದ್ರೇನ ಬಾಯಾರ?" ಎಂದಳು ಅಜ್ಜಿ. "ಮೂರು ದಿನ ಆತು. ನಿಮ್ಮ ದೇವರಿಗೆ ಬಸ್ಸು ಸಿಗಲಿಲ್ಲೇನು?"

ಗಂಡಹೆಂಡತಿಯ ಒಂದು ಮಾತೂ ಅಜ್ಜಿಗೆ ತಿಳಿಯುತ್ತಿರಲಿಲ್ಲ. ಅವಳ ಮಾತು ಇವರಿಗೂ ತಿಳಿಯುತ್ತಿರಲಿಲ್ಲ. ಎರಡು ಹೊತ್ತು ರೊಟ್ಟಿ ಹಾಕಿದ್ದಳು. ಶೆಡ್ಡಿಗೆ ಹೋಗೋಣ ಎಂದಾಗ, ಕೋಲು ಹಿಡಿದು ಅವಳೇ ಮುಂದೆ ನಡೆದಳು.

ಮಾಲೀಕ ನಲವತ್ತರ ರೈತ. ನೆರಳು ಬಲೆಯ ಕೆಳಗೆ ಮೂರು ಅಂತಸ್ತಿನಲ್ಲಿ ದ್ರಾಕ್ಷಿ ಹರಡಿತ್ತು. ನಮ್ಮನ್ನು ನೋಡಿ ಎದ್ದು ಕುರ್ಚಿ ಹಾಕಿದ.

"ಏನಪಾ ಧಣಿ," ಎಂದಳು ಅಜ್ಜಿ, ಅವನು ಬಾಯಿ ತೆರೆಯುವ ಮುಂಚೆ. "ದುಡಿಸಿಕೊಳ್ಳಾಕ ನಿನ್ನ ಶೆಡ್ಡು, ಸಾಯಾಕ ನನ್ನ ದೊಡ್ಡಿ ಏನು?"

"ಸುಮ್ನಿರ ಯವ್ವಾ. ಕೂಡ್ರಿ ಬಾಯಾರ, ಚಾ ತಗೋರಿ."

ನಾನು ಕೂರದೆಯೇ ಕಾರ್ಡು ಕೇಳಿದೆ. ಅವನು ನಿಜವಾಗಿಯೂ ಬೆರಗಾದ.

"ಕಾರ್ಡು ನನ್ನ ಕಡೆ ಎಲ್ಲಿವ್ರಿ? ಎಂದೂ ಇರಲಿಲ್ಲ. ನಿಮ್ಮ ಚರ್ಚಿನ ಹಿರೇರ ಅಲ್ಲೇನ್ರಿ ಇವರನ್ನ ಕರೆಸಿದವರು? ಸ್ಟೇಷನ್ನಿಗೆ ಬಂದಿದ್ದು ಅವರ ಅಂಗಡಿ ಆಳು. ನಮ್ಮ ಮಂದಿ ಅದಾರ, ಕುಡಿಯೂದಿಲ್ಲ, ಜಗಳ ಇಲ್ಲ, ಸೀಜನ್ ನಡುವ ಬಿಟ್ಟು ಹೋಗೂದಿಲ್ಲ, ಕಾರ್ಡು ನನ್ನ ಕಪಾಟಿನ್ಯಾಗ ಇರ್ತಾವ, ನೀವು ಆರಾಮ ಇರ್ರಿ ಅಂತ ಅವರ ಹೇಳಿದ್ರು."

"ಮತ್ತ ಹೊರಗ ಯಾಕ ಹಾಕಿದ್ರಿ?"

"ಐತ್ವಾರ ಮಧ್ಯಾಹ್ನ ಅವರ ಫೋನ್ ಮಾಡಿದ್ರು. ಚರ್ಚಿನ್ಯಾಗ ನಿಮ್ಮ ಶೆಡ್ಡಿನ ಹೆಸರು ಓದ್ಯಾರ, ಯಾರರ ಅಧಿಕಾರಿ ಬಂದ್ರೂ ಬಂದ್ರು, ಇವತ್ತ ಅವರಿಬ್ಬರನ್ನ ಹೊರಗ ಹಾಕ್ರಿ ಅಂದ್ರು. ನಾ ಹೆದರಿದೆ. ತಪ್ಪು ಆಗೇತಿ. ಆದ್ರ ಕಾರ್ಡಿಂದು ಮಾತ್ರ ನನ್ನ ಮ್ಯಾಲ ಹಾಕಬ್ಯಾಡ್ರಿ."

ಮಂಗಳವಾರ ಸಂಜೆ ಅದೇ ಮನುಷ್ಯ ನನ್ನ ಎದುರು ಕೂತು, ಮಾಲಕನ ಕೈಯಾಗ ಇರೂ ಕಾರ್ಡು ಎಂದಿದ್ದರು. ಕರಳು ಚುರ್ ಅಂತದ ಎಂದಿದ್ದರು. ನಾನು ಶೆಡ್ಡಿನಿಂದ ಹೊರಬಂದು, ದ್ರಾಕ್ಷಿ ತೋಟದ ಕಲ್ಲುಕಂಬ ಹಿಡಿದು ವಾಂತಿ ಮಾಡಿಕೊಂಡೆ.

"ಗಂಧಕದ ವಾಸನಿ," ಎಂದಳು ಅಜ್ಜಿ, ಬೆನ್ನು ನೀವುತ್ತ. "ರೂಢಿ ಇಲ್ಲದವರಿಗೆ ಹಂಗ ಆಕ್ಕೈತಿ."

ನಾನು ಹೌದೆಂದು ತಲೆಯಾಡಿಸಿದೆ.

ಟಿಕೋಟದಿಂದ ವಾಪಸು ಬರುವಾಗ ಇಬ್ಬರೂ ನನ್ನ ಜೊತೆಗಿದ್ದರು. ಕಂಡಕ್ಟರ್ ಬಂದು, "ಆಧಾರ್ ತೋರಿಸ್ರಿ ಬಾಯಾರ," ಎಂದ. ನಾನು ನನ್ನ ಕಾರ್ಡು ತೋರಿಸಿದೆ; ಹೆಂಗಸರಿಗೆ ಕೊಡುವ ಉಚಿತ ಟಿಕೆಟು ಹರಿದುಕೊಟ್ಟ. ಅವಳ ಕಡೆ ತಿರುಗಿದ. ಅವಳು ನನ್ನ ಕೈಯಲ್ಲಿದ್ದ ಕಾರ್ಡನ್ನೇ ನೋಡುತ್ತಿದ್ದಳು. ಅವಳದು ಬೇರೆ ರಾಜ್ಯದ್ದು, ಇದ್ದರೂ ಟಿಕೆಟು ಬಿಟ್ಟಿ ಸಿಗುತ್ತಿರಲಿಲ್ಲ. ಆದರೆ ಅವಳು ನೋಡುತ್ತಿದ್ದದ್ದು ಟಿಕೆಟಿಗಾಗಿ ಅಲ್ಲ. ನಾನು ಅದನ್ನು ಬೇಗ ಪರ್ಸಿಗೆ ಹಾಕಿಕೊಂಡೆ.

ಗಂಡನನ್ನು ಜಲನಗರದ ನನ್ನ ಮನೆಯಲ್ಲಿ ಕೂರಿಸಿ, ಅವಳನ್ನು ಕರೆದುಕೊಂಡು ಆಟೋದಲ್ಲಿ ಜೋರಾಪುರ ಪೇಟೆಗೆ ಹೋದೆ. ಹಿರಿಯರು ಹಣದ ಗಲ್ಲೆಯ ಹಿಂದೆ ಕೂತಿದ್ದರು. ನನ್ನ ಹಿಂದೆ ಅವಳನ್ನು ಕಂಡ ಕೂಡಲೇ ಅವರಿಗೆ ತಿಳಿಯಿತು. ಎದ್ದು ಹಿಂದಿನ ಸ್ಟೀಲ್ ಕಪಾಟು ತೆರೆದರು. ಎರಡನೇ ಅರೆಯಿಂದ ಒಂದು ತಗಡಿನ ಡಬ್ಬಿ ತೆಗೆದರು. ನನಗೆ ಆ ಡಬ್ಬಿಯ ಗುರುತಿತ್ತು. ಕ್ರಿಸ್‌ಮಸ್ಸಿನಲ್ಲಿ ನಾವು ಮನೆಮನೆಗೆ ಕೇಕು ಒಯ್ಯುವ ಡಬ್ಬಿಗಳಲ್ಲಿ ಒಂದು. ಮುಚ್ಚಳದ ಮೇಲೆ ಕುರಿಯ ಚಿತ್ರ.

ಒಳಗೆ ಆರು ಕಟ್ಟು ಕಾರ್ಡುಗಳಿದ್ದವು. ಒಂದೊಂದಕ್ಕೂ ರಬ್ಬರ್ ಬ್ಯಾಂಡು. ಒಂದೊಂದರ ಮೇಲೂ ಶೆಡ್ಡಿನ ಗುರುತು ಬರೆದ ಚೀಟಿ. ಐದರ ಮೇಲೆ ಟಿಕೋಟ ಕಡೆಯ ಶೆಡ್ಡುಗಳು, ಒಂದರ ಮೇಲೆ ಬಬಲೇಶ್ವರ. ಒಂದು ಚೀಟಿ ಮಗುಚಿ ಬಿದ್ದಿತ್ತು. ಅದರ ಬೆನ್ನಿಗೆ ಹಿಂದಿಯಲ್ಲಿ ಅಚ್ಚಾದ ಪ್ರಶ್ನೆ: ಕೆಳಗಿನವುಗಳಿಗೆ ಒಂದು ವಾಕ್ಯದಲ್ಲಿ ಉತ್ತರಿಸಿ. ಅವು ನಾನು ನಾಲ್ಕಾಗಿ ಹರಿದು ಕೊಟ್ಟ ಕಾಗದಗಳು. ಪ್ರಾರ್ಥನೆಯ ಪೆಟ್ಟಿಗೆಯ ಪಕ್ಕದಿಂದ ಎತ್ತಿಕೊಂಡು ಬಂದಿದ್ದರು.

"ಜೋಪಾನಕ್ಕ ಇಟ್ಟೇನ್ರಿ ಅಕ್ಕಾರ," ಎಂದರು. "ಶೆಡ್ಡಿನ್ಯಾಗ ಇಲಿ ಇರ್ತಾವ, ಹೆಗ್ಗಣ ಇರ್ತಾವ."

"ಮೊನ್ನಿ ಕಮಿಟಿಯೊಳಗ ಮಾಲಕನ ಕೈಯಾಗ ಅಂದ್ರೆಲ್ರಿ?"

"ಅಲ್ಲಿ ನೂರು ಮಾತು ಬರ್ತಾವ ಹೋಗ್ತಾವ. ಇವರಿಗೆ ಕೆಲಸ ಕೊಡಿಸಿದವ ಯಾರು? ಚರ್ಚಿಗೆ ತಂದವ ಯಾರು? ಆ ಶಾಲಿನ ಖರ್ಚು ಯಾರದು? ಒಂದು ಪ್ರಶ್ನೆ ಕೇಳೋದು ಸಸಾರ ಐತ್ರಿ." ಎರಡು ಕಾರ್ಡು ಆರಿಸಿ ನನ್ನ ಮುಂದೆ ಇಟ್ಟರು, ಅವಳ ಮುಂದಲ್ಲ. "ತಗೋರಿ. ದೊಡ್ಡದು ಮಾಡಬ್ಯಾಡ್ರಿ. ಮುಂದ ಹಬ್ಬ ಐತಿ."

ನಾನು ಎರಡು ತೆಗೆದುಕೊಂಡೆ. ಉಳಿದವನ್ನು ಕೇಳಲಿಲ್ಲ. ಕೇಳಿದರೆ ಈ ಎರಡನ್ನೂ ವಾಪಸು ಡಬ್ಬಿಗೆ ಹಾಕುತ್ತಾರೆ ಎಂದು ಹೆದರಿದೆ. ಹೀಗೆ ಬರೆಯುವಾಗ ಆ ಹೆದರಿಕೆ ನ್ಯಾಯವೆನಿಸುತ್ತದೆ; ಅಂಗಡಿಯ ಮೆಟ್ಟಿಲು ಇಳಿಯುವಾಗ ಹಾಗೆನಿಸಿರಲಿಲ್ಲ.

ಗುರುವಾರ ಜಿಲ್ಲಾಸ್ಪತ್ರೆಗೆ ಹೋದೆವು. ಎದೆಯ ಫೋಟೊ ನೋಡಿ ಡಾಕ್ಟರು, ಹೊಗೆಯಿಂದ ಶ್ವಾಸದ ನಾಳ ಬಾತಿದೆ, ಔಷಧಕ್ಕೆ ಇಳಿಯುತ್ತದೆ, ಆದರೆ ಮತ್ತೆ ಆ ಕೋಣೆಗೆ ಹೋಗಬಾರದು ಎಂದರು. ಶುಕ್ರವಾರ ನಮ್ಮ ಚರ್ಚಿನವರು ಅವರಿಗಾಗಿ ಉಪವಾಸ ಇದ್ದರು. ಅವರು ಅಂದು ಬೆಳಿಗ್ಗೆ ನನ್ನ ಅಡುಗೆಮನೆಯಲ್ಲಿ ಉಪ್ಪಿಟ್ಟು ತಿಂದು, ಸ್ಟೀಲ್ ಲೋಟದಲ್ಲಿ ಚಹ ಕುಡಿದು, ಸೊಲ್ಲಾಪುರದ ರೈಲು ಹತ್ತಿದರು. ಅವಳು ಕಾರ್ಡುಗಳನ್ನು ರವಿಕೆಯೊಳಗೆ ಇಟ್ಟುಕೊಂಡಿದ್ದಳು. ಕಿಟಕಿಯಿಂದ ಬಗ್ಗಿ, ಉಳಿದವರದ್ದು ಏನು ದೀದಿ, ಎಂದು ಕೇಳಿದಳು. ನೋಡುತ್ತೇನೆ ಎಂದೆ. ರೈಲು ಹೊರಟ ಮೇಲೂ ಅವಳು ನನ್ನ ಮುಖದ ಮೇಲಿಂದ ಕಣ್ಣು ತೆಗೆಯಲಿಲ್ಲ.

ದೂರದಿಂದ ಬಂದವರನ್ನು ಬರಮಾಡಿಕೊಳ್ಳುವುದು ಎಂದರೆ ಏನೆಂದು ನಾನು ಇಡೀ ಆಯುಷ್ಯ ಮಕ್ಕಳಿಗೆ ಪಾಠ ಹೇಳಿದ್ದೇನೆ, ಭಾನುವಾರದ ಶಾಲೆಯಲ್ಲಿ. ಶಾಲು, ಚಾಪೆ, ಚಹ. ಅವಳು ಕೇಳಿದ್ದು ಅದಾವುದೂ ಅಲ್ಲ. ಟಿಕೋಟದವರೆಗೆ ಒಂದು ಬಸ್ಸಿನ ದಾರಿ, ಜೊತೆಗೆ ನಿಲ್ಲುವ ಒಂದು ಜೀವ, ಈ ಊರಿನ ಭಾಷೆಯಲ್ಲಿ ಒಂದು ಪ್ರಶ್ನೆ. ನೂರಿಪ್ಪತ್ತು ಕುಟುಂಬಗಳ ಸಭೆಯಲ್ಲಿ ಅದು ಸಿಗಲಿಲ್ಲ. ಆಡು ಕಾಯುವ ಮುದುಕಿಯಲ್ಲಿ ಸಿಕ್ಕಿತು. ಅಜ್ಜಿಯ ಕಥೆಯನ್ನು ಫೋನಿನಲ್ಲಿ ಪಾಸ್ಟರಿಗೆ ಹೇಳಿದಾಗ ಅವರ ದನಿ ಒದ್ದೆಯಾಯಿತು. "ಈ ಐತ್ವಾರದ ಪ್ರಸಂಗಕ್ಕ ಛೊಲೊ ದೃಷ್ಟಾಂತ ಆತ್ರಿ ಅಕ್ಕಾರ," ಎಂದರು. ನಾನು ಫೋನ್ ಇಟ್ಟೆ.

ಆ ಭಾನುವಾರ ನಾನು ಒಂದು ಚೀಟಿ ಬರೆದುಕೊಂಡು ಹೋದೆ. ಪೆಟ್ಟಿಗೆಗೆ ಹಾಕಲಿಲ್ಲ. ಬೇರೆ ಚೀಟಿಗಳನ್ನು ಓದಿ ಮುಗಿಸಿ, ಕೊನೆಗೆ ಅದನ್ನು ಓದಿದೆ:

"ಜೋರಾಪುರ ಪೇಟೆಯಲ್ಲಿ ನಮ್ಮ ಹಿರಿಯರ ಅಂಗಡಿಯ ಹಿಂದಿನ ಸ್ಟೀಲ್ ಕಪಾಟಿನ ಎರಡನೇ ಅರೆಯಲ್ಲಿ, ಕುರಿಯ ಚಿತ್ರದ ಕೇಕ್ ಡಬ್ಬಿಯೊಳಗೆ, ಇಲ್ಲಿ ಹಿಂದೆ ಚಾಪೆಯ ಮೇಲೆ ಕೂತಿರುವ ಸಹೋದರ ಸಹೋದರಿಯರದೂ ಅವರಂಥ ಇತರರದೂ ಆಧಾರ್ ಕಾರ್ಡುಗಳಿವೆ. ಒಟ್ಟು ಆರು ಕಟ್ಟು. ಅವು ಅವರವರ ಕೈ ಸೇರಲೆಂದು ಪ್ರಾರ್ಥಿಸೋಣ."

"ಆಮೆನ್," ಎಂದಿತು ಸಭೆ.

ಅಭ್ಯಾಸದಿಂದ ಅಂದದ್ದು. ಅಂದ ಮೇಲೆ ಕೆಲವರು ತಲೆ ಎತ್ತಿದರು. ಪಾಸ್ಟರ್ ಎದ್ದು ಹಾಡಿನ ನಂಬರು ಹೇಳಿದರು. ಹಾಡಿದೆವು. ಹಿರಿಯರೂ ಪುಸ್ತಕ ಹಿಡಿದು ಹಾಡಿದರು. ಪಾಸ್ಟರರ ಪ್ರಸಂಗದಲ್ಲಿ ಆಡಿನ ಅಜ್ಜಿ ಬಂದಳು. ಅವಳ ಮಾತಿಗೆ ಜನ ನಕ್ಕರು, ಒಬ್ಬಿಬ್ಬರು ಕಣ್ಣೊರೆಸಿಕೊಂಡರು. ಆರಾಧನೆ ಮುಗಿಯಿತು. ಚಹ ಬಂತು. ಸ್ಟೀಲ್ ಲೋಟ, ಕಾಗದದ ಕಪ್ಪು. ಚೀಟಿಯ ಬಗ್ಗೆ ಯಾರೂ ಏನೂ ಕೇಳಲಿಲ್ಲ. ಒಬ್ಬರು ನನ್ನ ಹತ್ತಿರ ಬಂದು, ಈ ಸಲದ ಬಿಸಿಲು ತಡೆಯಾಕ ಆಗವಲ್ದು ನೋಡ್ರಿ, ಎಂದರು.

ಇಲ್ಲಿಯೂ ನಾನು ಹಳೆಯ ತಪ್ಪನ್ನೇ ಮಾಡಿದ್ದೆ. ಕನ್ನಡದಲ್ಲಿ, ಮೈಕಿನಲ್ಲಿ, ಹೇಳಬೇಕಾದವರನ್ನು ಬಿಟ್ಟು ಉಳಿದವರಿಗೆಲ್ಲ ಹೇಳಿದ್ದೆ. ನಾನು ಪಂಪಿನ ಕೋಣೆಯ ಕಡೆ ನಡೆದೆ. ಚಾಪೆಯ ಹತ್ತಿರ ಹತ್ತು ಮಂದಿ ನಿಂತಿದ್ದರು. ಚೀಟಿಯಲ್ಲಿದ್ದದ್ದನ್ನು ಅವರಿಗೆ ಹಿಂದಿಯಲ್ಲಿ ಹೇಳಿದೆ. ಯಾವ ಪೇಟೆ, ಯಾವ ಕಪಾಟು, ಎಷ್ಟನೇ ಅರೆ. ನಿಧಾನವಾಗಿ, ಎರಡು ಸಲ.

ಅವರು ಪರಸ್ಪರ ಮುಖ ನೋಡಿಕೊಂಡರು. ಒಬ್ಬ ತನ್ನ ಕಾಗದದ ಕಪ್ಪನ್ನು ಬೆಂಚಿನ ಮೇಲಿಟ್ಟ. ಉಳಿದವರೂ ಇಟ್ಟರು. ಹತ್ತೂ ಮಂದಿ ಚಪ್ಪಲಿ ಮೆಟ್ಟಿ ಗೇಟಿನ ಕಡೆ ನಡೆದರು. ನಾನೂ ಜೊತೆಗೆ ನಡೆದೆ. ಪಾಸ್ಟರ್ ಗೇಟಿನವರೆಗೆ ಬಂದರು.

"ಅಕ್ಕಾರ, ಗದ್ದಲ ಆಗದಂಗ ನೋಡಿಕೋರಿ," ಎಂದು ಅಲ್ಲಿಯೇ ನಿಂತರು.

ನಾವು ಪೇಟೆ ಮುಟ್ಟುವಷ್ಟರಲ್ಲಿ ಹಿರಿಯರ ಸ್ಕೂಟರು ಅಂಗಡಿಯ ಮುಂದೆ ನಿಂತಿತ್ತು. ಭಾನುವಾರ ಮುಚ್ಚಿರುವ ಶಟರನ್ನು ಅವರೇ ಅರ್ಧ ಎತ್ತಿದ್ದರು. ಅಕ್ಕಪಕ್ಕದ ಅಂಗಡಿಯವರು ನೋಡುತ್ತಿದ್ದರು. ಅವರು ನೋಡದೇ ಇದ್ದಿದ್ದರೆ ಆ ಡಬ್ಬಿ ಹೊರಗೆ ಬರುತ್ತಿತ್ತೋ ಇಲ್ಲವೋ. ಗಲ್ಲೆಯ ಮೇಲೆ ಡಬ್ಬಿ ಇಟ್ಟು ಹಿರಿಯರು ಮುಖ ತಿರುಗಿಸಿ ನಿಂತರು. ಹತ್ತು ಮಂದಿ ತಮ್ಮ ಕಾರ್ಡು ಹುಡುಕಿಕೊಂಡರು. ಅದೇ ಶೆಡ್ಡುಗಳಲ್ಲಿ ಉಳಿದವರ ಕಾರ್ಡುಗಳನ್ನೂ ಒಯ್ಯುತ್ತೇವೆ ಎಂದರು; ಒಂದೊಂದರ ಹೆಸರನ್ನೂ ನಾನು ಓದಿ, ಯಾರು ಒಯ್ಯುತ್ತಾರೆಂದು ಕೇಳಿ, ಕೊಟ್ಟೆ.

ಕೊನೆಗೆ ಬಬಲೇಶ್ವರದ ಕಟ್ಟು ಉಳಿಯಿತು. ಒಂಬತ್ತು ಕಾರ್ಡು. ಅಲ್ಲಿಯವರು ಯಾರೂ ನಮ್ಮ ಚರ್ಚಿಗೆ ಬಂದವರಲ್ಲ. ನಾನು ಅದನ್ನು ತೆಗೆದು ನನ್ನ ಚೀಲಕ್ಕೆ ಹಾಕಿಕೊಂಡೆ.

"ಅದು ನಿಮ್ಮದಲ್ರಿ ಅಕ್ಕಾರ," ಎಂದರು ಹಿರಿಯರು, ತಿರುಗದೆ.

"ನಿಮ್ಮದೂ ಅಲ್ರಿ," ಎಂದೆ.

ಚೀಟಿ ಓದುವ ಕೆಲಸವನ್ನು ಈಗ ಬೇರೆಯವರಿಗೆ ಕೊಟ್ಟಿದ್ದಾರೆ. ಹಿರಿಯರು ಎರಡನೇ ಸಾಲಿನಲ್ಲೇ ಕೂರುತ್ತಾರೆ.

ಅಂಗಡಿಗೆ ಹೋಗಿಬಂದ ಮರುದಿನ, ಸೋಮವಾರ ಬೆಳಿಗ್ಗೆ, ನಾನು ಬಬಲೇಶ್ವರದ ಬಸ್ಸು ಹತ್ತಿದ್ದೆ. ಕಂಡಕ್ಟರ್ ಬಂದು ಆಧಾರ್ ಕೇಳಿದ. ಚೀಲಕ್ಕೆ ಕೈ ಹಾಕಿದರೆ ಮೊದಲು ಸಿಕ್ಕಿದ್ದು ರಬ್ಬರ್ ಬ್ಯಾಂಡಿನ ಕಟ್ಟು. ಅದನ್ನು ತೊಡೆಯ ಮೇಲಿಟ್ಟುಕೊಂಡು, ತಳದಲ್ಲಿದ್ದ ನನ್ನದನ್ನು ಹುಡುಕತೊಡಗಿದೆ.

"ಎಷ್ಟು ಕಾರ್ಡು ಇಟ್ಟೀರಿ ಬಾಯಾರ," ಎಂದು ಕಂಡಕ್ಟರ್ ನಕ್ಕ. "ಒಂದು ಸಾಕಾಕ್ಕೈತಿ."